ತಿಂಡಿ ಸೇರಿದ ಕೊಠಡಿಯನ್ನು ದಯವಿಟ್ಟು ಬುಕ್ ಮಾಡಬೇಡಿ

ತಂದೆ-ತಾಯಿಯನ್ನು ಕರೆದುಕೊಂಡು ದಾವಣಗೆರೆ, ಶಿರಸಿ, ಉಡುಪಿಗೆ ನಾಲ್ಕು ದಿನದ ಪ್ರವಾಸ ಹೊರಟಿದ್ದೀರಿ. ತಿಂಡಿ ಸೇರಿದ ಕೊಠಡಿ ಬುಕ್ ಮಾಡಲೇ, ಇಲ್ಲವೇ ರೇಟಿಂಗ್ ನೋಡಿ ನೆನಪಿನಲ್ಲಿ ಉಳಿಯುವಂಥ ಬ್ರಂಚ್ ಜಾಗ ಹುಡುಕಲೇ ಎಂದು ಕೇಳಿದ್ದೀರಿ. 2019ರ ಜನವರಿಯಲ್ಲಿ ನಾನು ಇವೆರಡರಲ್ಲಿ ಮೊದಲನೆಯದನ್ನು ಆರಿಸಿಕೊಂಡೆ. ಅದೂ ಇದೇ ದಾವಣಗೆರೆಯಲ್ಲಿ, ನಮ್ಮ ತಂದೆಯವರ ಜೊತೆಯಲ್ಲಿ.

ತಂದೆಯವರು ಮದುವೆಗೆ ಮೊದಲು ಮೂರು ವರ್ಷ ದಾವಣಗೆರೆಯ ಹತ್ತಿ ಗಿರಣಿಯೊಂದರಲ್ಲಿ ಗುಮಾಸ್ತರಾಗಿದ್ದರು. ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದ ಕಾಲವದು. ರಾತ್ರಿ ಪಾಳಿ ಮುಗಿಸಿ ಹೊರಬಂದ ಕೆಲಸಗಾರರ ಜೊತೆ ಸೇರಿ ಬೆಳಿಗ್ಗೆ ಬೆಣ್ಣೆದೋಸೆ ತಿನ್ನುತ್ತಿದ್ದುದನ್ನು ಅವರು ನಮ್ಮ ಮನೆಯಲ್ಲಿ ದೋಸೆ ಮಾಡಿದಾಗಲೆಲ್ಲ ಹೇಳುತ್ತಿದ್ದರು. ಅಮ್ಮ ದೋಸೆಯ ಮೇಲೆ ಬೆಣ್ಣೆ ಹಾಕಿಕೊಟ್ಟರೆ, ಬೆಣ್ಣೆ ಹಾಕಿದ ಮಾತ್ರಕ್ಕೆ ಅದು ಬೆಣ್ಣೆದೋಸೆ ಆಗುವುದಿಲ್ಲ, ರುಬ್ಬುವಾಗ ಅಕ್ಕಿ, ಉದ್ದಿನ ಜೊತೆಗೆ ಮಂಡಕ್ಕಿಯೂ ಬೀಳಬೇಕು ಎನ್ನುತ್ತಿದ್ದರು. ಊರು ಬಿಟ್ಟ ಮೇಲೆ ನಲವತ್ತು ವರ್ಷ ಅವರು ಆ ಕಡೆಗೆ ಹೋಗಿರಲಿಲ್ಲ. ಹುಬ್ಬಳ್ಳಿಯಲ್ಲಿ ನಮ್ಮ ಸಂಬಂಧಿಕರ ಮದುವೆ ಬಂದಾಗ, ಬೆಂಗಳೂರಿನಿಂದ ಒಂದೇ ಓಟದಲ್ಲಿ ಹೋಗುವ ಬದಲು ಒಂದು ರಾತ್ರಿ ದಾವಣಗೆರೆಯಲ್ಲಿ ತಂಗಿ, ಬೆಳಿಗ್ಗೆ ಅವರಿಗೆ ಆ ದೋಸೆ ತಿನ್ನಿಸಿಕೊಂಡು ಮುಂದೆ ಹೋಗೋಣ ಎಂದು ನಾನೇ ಹೇಳಿದೆ. ಆ ರಾತ್ರಿಯ ಉದ್ದೇಶ ಅದೊಂದೇ ಆಗಿತ್ತು.

ಆಮೇಲೆ ನಾನು ಮಾಡಿದ್ದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಯಲ್ಲಿ ಅದೇ ತಪ್ಪಿನ ಮೊದಲ ಹೆಜ್ಜೆ ನನಗೆ ಕಾಣುತ್ತಿದೆ. ಕೊಠಡಿ ಹುಡುಕುವಾಗ ಎರಡು ದರಗಳು ಕಂಡವು: ಬರೀ ಕೊಠಡಿಗೆ ಒಂದು, ತಿಂಡಿ ಸೇರಿಸಿ ಇನ್ನೊಂದು. ವ್ಯತ್ಯಾಸ ಇನ್ನೂರು ರೂಪಾಯಿಯೂ ಇರಲಿಲ್ಲ. ತಂದೆಯವರಿಗೆ ಸಕ್ಕರೆ ಕಾಯಿಲೆ ಇದೆ, ಏಳೂವರೆಗೆ ಮಾತ್ರೆ, ಎಂಟು ಗಂಟೆಗೆ ತಿಂಡಿ ಎಂಬುದು ಮನೆಯ ಕ್ರಮ. ಹೊರಗೆ ಹೋಗಿ ಕಾಯುವಾಗ ಅವರಿಗೆ ಸುಸ್ತಾದರೆ ಏನು ಗತಿ ಎಂಬ ಭಯದಿಂದ ತಿಂಡಿ ಸೇರಿದ ಕೊಠಡಿಯನ್ನೇ ತೆಗೆದುಕೊಂಡೆ. ಇಲ್ಲಿ ಎರಡು ಇಡ್ಲಿ ತಿಂದರೆ ಹೊಟ್ಟೆಗೆ ಆಧಾರವಾಗುತ್ತದೆ, ಆಮೇಲೆ ನಿಧಾನವಾಗಿ ಹೋಗಿ ದೋಸೆ ತಿನ್ನೋಣ ಎಂಬುದು ನನ್ನ ಲೆಕ್ಕ. ಕಾಗದದ ಮೇಲೆ ಈ ಲೆಕ್ಕ ಸರಿಯಾಗಿಯೇ ಕಾಣುತ್ತದೆ. ಆದರೆ ಹಣ ಕೊಟ್ಟಾಗಿರುವ ತಿಂಡಿಯ ಮುಂದೆ ನಿಂತ ಮನುಷ್ಯ, ಅದರಲ್ಲೂ ಗುಮಾಸ್ತಿಕೆಯ ಸಂಬಳದಲ್ಲಿ ಮೂವರು ಮಕ್ಕಳನ್ನು ಓದಿಸಿದ ಮನುಷ್ಯ, ಎರಡು ಇಡ್ಲಿಗೆ ನಿಲ್ಲುವುದಿಲ್ಲ ಎಂಬುದನ್ನು ನಾನು ಲೆಕ್ಕಕ್ಕೆ ಹಿಡಿಯಲಿಲ್ಲ. ಹಣ ವ್ಯರ್ಥವಾಗಬಾರದೆಂದು ಅವರು ಉಪ್ಪಿಟ್ಟು ಹಾಕಿಸಿಕೊಂಡರು, ಪೂರಿ ಹಾಕಿಸಿಕೊಂಡರು, ಕೊನೆಗೆ ಬ್ರೆಡ್ಡಿಗೆ ಜಾಮ್ ಸವರಿಕೊಂಡರು. ನಾನು ಎದುರಿಗೇ ಕುಳಿತಿದ್ದೆ. ಸಾಕು ಎನ್ನಲು ಬಾಯಿ ಬರಲಿಲ್ಲ.

ಹೋಯಿತು ಎಂದರೆ ಹಸಿವು ಮಾತ್ರವಲ್ಲ, ಹೊತ್ತೂ ಹೋಯಿತು. ತಿಂಡಿ ಏಳೂವರೆಗೆ ಎಂದಿದ್ದರೂ ಎಲ್ಲ ಪಾತ್ರೆಗಳೂ ಬಂದು ಬಿಸಿಯಾಗುವಾಗ ಎಂಟು ದಾಟಿತ್ತು. ತಿಂದು, ಕೊಠಡಿಗೆ ಹೋಗಿ, ಸಾಮಾನು ಕಟ್ಟಿ, ಲೆಕ್ಕ ಮುಗಿಸಿ ದೋಸೆ ಹೋಟೆಲು ತಲುಪಿದಾಗ ಹತ್ತು ಗಂಟೆಯ ಸುಮಾರು. ಅದು ಮದುವೆಯ ಕಾಲದ ಭಾನುವಾರವಾದ್ದರಿಂದ ಬಾಗಿಲಿನ ಹೊರಗೂ ಜನರಿದ್ದರು. ಮೇಜು ಸಿಗಲು ಮುಕ್ಕಾಲು ಗಂಟೆ ಹಿಡಿಯಿತು. ತಂದೆಯವರು ಆ ಮುಕ್ಕಾಲು ಗಂಟೆಯೂ ಕಾವಲಿಯ ಕಡೆಗೇ ಮುಖ ಮಾಡಿ ನಿಂತಿದ್ದರು. ದೋಸೆ ಹೊಯ್ಯುವವನು ಕಾದ ಕಾವಲಿಗೆ ನೀರು ಚಿಮುಕಿಸಿ, ಕಡ್ಡಿ ಪೊರಕೆಯಿಂದ ಒಮ್ಮೆ ಗುಡಿಸಿ, ಹಿಟ್ಟನ್ನು ಸಾಲಾಗಿ ಹೊಯ್ದು, ಪ್ರತಿಯೊಂದರ ನಡುವೆ ಬೆಣ್ಣೆಯ ಮುದ್ದೆ ಬಿಡುತ್ತಿದ್ದ. ಬೆಣ್ಣೆ ಕರಗಿ ಅಂಚಿನವರೆಗೆ ಹರಿದು ನೊರೆ ಏಳುವಾಗ ಬರುವ ವಾಸನೆ ಬೀದಿಯವರೆಗೂ ಬರುತ್ತಿತ್ತು. ತಂದೆಯವರು ನನ್ನ ತೋಳು ಹಿಡಿದು, ಇದೇ ವಾಸನೆ ಕಣೋ ಎಂದರು. ತಟ್ಟೆ ಬಂದಿತು: ಹೊಂಬಣ್ಣಕ್ಕೆ ಗರಿಗರಿಯಾಗಿ ಬೆಂದ ದೋಸೆ, ಅರಿಸಿನ ಹಾಕದ ಬಿಳಿಯ ಆಲೂಗಡ್ಡೆ ಪಲ್ಯ, ತೆಂಗಿನಕಾಯಿಯ ಖಾರದ ಚಟ್ನಿ. ಅವರು ಕಾಲು ಭಾಗ ತಿಂದು ಕೈ ನಿಲ್ಲಿಸಿದರು. ಆಗುತ್ತಿಲ್ಲ, ನೀನು ತಿನ್ನು ಎಂದು ತಟ್ಟೆಯನ್ನು ನನ್ನ ಕಡೆಗೆ ಸರಿಸಿದರು. ನನ್ನ ಹೊಟ್ಟೆಯಲ್ಲೂ ಜಾಗವಿರಲಿಲ್ಲ. ಕಟ್ಟಿಸಿಕೊಂಡು ಹೋದ ದೋಸೆ ಹಾವೇರಿ ದಾಟುವ ಹೊತ್ತಿಗೆ ಬೆವೆತು ಚರ್ಮದಂತಾಗಿತ್ತು. ಹುಬ್ಬಳ್ಳಿಯವರೆಗೂ ಅವರು ಆ ದೋಸೆಯ ಮಾತನ್ನು ಎತ್ತಲಿಲ್ಲ.

ಆದ್ದರಿಂದ ನಿಮ್ಮ ಪ್ರಶ್ನೆಯ ಮೊದಲ ಅರ್ಧಕ್ಕೆ ನನ್ನ ಉತ್ತರ ಸ್ಪಷ್ಟವಾಗಿದೆ: ದಾವಣಗೆರೆಯಲ್ಲಾಗಲಿ ಉಡುಪಿಯಲ್ಲಾಗಲಿ ಬರೀ ಕೊಠಡಿಯನ್ನು ಬುಕ್ ಮಾಡಿ. ಮಾತ್ರೆಯ ವಿಷಯದಲ್ಲಿ ನಿಮ್ಮ ವೈದ್ಯರನ್ನು ಮೊದಲೇ ಕೇಳಿಕೊಳ್ಳಿ. ನಮ್ಮ ವೈದ್ಯರನ್ನು ನಾನು ಆಮೇಲೆ ಕೇಳಿದಾಗ, ಪ್ರಯಾಣದಲ್ಲಿ ತಿಂಡಿ ಸ್ವಲ್ಪ ಹಿಂದೆ ಮುಂದೆ ಆದರೆ ಮಾತ್ರೆಯನ್ನೂ ಅದರ ಜೊತೆಗೇ ಸರಿಸಿಕೊಳ್ಳಿ, ಜೇಬಿನಲ್ಲಿ ಎರಡು ಬಿಸ್ಕತ್ತು ಇರಲಿ ಎಂದರು. ಆ ಒಂದು ಫೋನ್ ಕರೆಯನ್ನು ಮೊದಲೇ ಮಾಡಿದ್ದರೆ ನಾನು ಆ ಕೊಠಡಿಯನ್ನು ತೆಗೆದುಕೊಳ್ಳುತ್ತಲೇ ಇರಲಿಲ್ಲ.

ಬ್ರಂಚ್ ಎಂಬ ಮಾತನ್ನೂ ಈ ಪ್ರವಾಸದ ಮಟ್ಟಿಗೆ ಕೈಬಿಡಿ ಎಂದೇ ಹೇಳುತ್ತೇನೆ. ಬೆಂಗಳೂರಿನಲ್ಲಿ ಹನ್ನೊಂದಕ್ಕೆ ಎದ್ದು ಹೋದರೂ ಏನಾದರೊಂದು ಸಿಗುತ್ತದೆ, ಆದರೆ ನೀವು ಹೋಗುತ್ತಿರುವ ಊರುಗಳಲ್ಲಿ ಆ ಹೊತ್ತು ತಿಂಡಿಗೂ ಸೇರುವುದಿಲ್ಲ, ಊಟಕ್ಕೂ ಸೇರುವುದಿಲ್ಲ. ಇದು ಹೋಟೆಲಿನವರ ಹಟವಲ್ಲ, ಹಿಟ್ಟಿನ ಸ್ವಭಾವ. ದೋಸೆ, ಇಡ್ಲಿಯ ಹಿಟ್ಟು ಹಿಂದಿನ ಸಂಜೆಯೇ ರುಬ್ಬಿ ರಾತ್ರಿಯಿಡೀ ಹುದುಗಬೇಕು, ಆದ್ದರಿಂದ ಇವತ್ತಿನ ಹಿಟ್ಟು ಎಷ್ಟು ಎಂಬುದು ನಿನ್ನೆಯೇ ತೀರ್ಮಾನವಾಗಿರುತ್ತದೆ. ಸಣ್ಣ ಹೋಟೆಲಿನಲ್ಲಿ ಅದು ಒಂಬತ್ತೂವರೆಗೆ ಮುಗಿದರೆ ಮುಗಿಯಿತು, ಎಷ್ಟು ಕೇಳಿಕೊಂಡರೂ ಇನ್ನೊಂದು ಪಾತ್ರೆ ಹುಟ್ಟುವುದಿಲ್ಲ. ತೀರಾ ಬೇಗ ಹೋಗುವುದನ್ನೂ ನಾನು ಒಪ್ಪುವುದಿಲ್ಲ, ಏಕೆಂದರೆ ಕಾವಲಿ ಹದಕ್ಕೆ ಬರುವ ಮೊದಲಿನ ದೋಸೆಗಳು ಅಂಟುತ್ತವೆ, ಬಣ್ಣ ಹಿಡಿಯುವುದಿಲ್ಲ. ಏಳರಿಂದ ಎಂಟೂವರೆ ಒಳಗೆ ಕುಳಿತಿರಬೇಕು.

ರೇಟಿಂಗ್ ಬಗ್ಗೆಯೂ ಕೇಳಿದ್ದೀರಿ. ನಾನು ಈಗ ಅದನ್ನು ವಾರದ ರಜೆ ಯಾವ ದಿನ ಎಂದು ತಿಳಿಯಲು ಮಾತ್ರ ನೋಡುತ್ತೇನೆ. ಹಳೆಯ ಹೋಟೆಲುಗಳಿಗೆ ಒಂದೊಂದಕ್ಕೆ ಒಂದೊಂದು ದಿನ ರಜೆ ಇರುತ್ತದೆ. ಬೆಂಗಳೂರಿನಲ್ಲೇ 1943ರಿಂದ ಇರುವ ಗಾಂಧಿ ಬಜಾರಿನ ವಿದ್ಯಾರ್ಥಿ ಭವನಕ್ಕೆ ಶುಕ್ರವಾರ ರಜೆ, ಲಾಲ್‌ಬಾಗ್ ರಸ್ತೆಯ ಎಂಟಿಆರ್‌ಗೆ ಸೋಮವಾರ, ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್‌ಗೆ ಭಾನುವಾರ. ಇನ್ನು ರುಚಿಯ ವಿಷಯಕ್ಕೆ ಬಂದರೆ, ಅಲ್ಲಿ ಬರೆಯುವವರು ಹೆಚ್ಚಾಗಿ ನಮ್ಮಂತೆ ಒಂದು ಬೆಳಿಗ್ಗೆ ಬಂದು ಹೋದವರು, ಹಾಗಾಗಿ ಎಲ್ಲರೂ ಮೊದಲೇ ಹೆಸರು ಕೇಳಿದ ನಾಲ್ಕು ಜಾಗಗಳನ್ನೇ ಮತ್ತೆ ಮತ್ತೆ ಹೊಗಳಿರುತ್ತಾರೆ.

ಅದೇ ವರ್ಷದ ಅಕ್ಟೋಬರಿನಲ್ಲಿ ನಾನು ತಂದೆಯವರನ್ನು ಮತ್ತೆ ದಾವಣಗೆರೆಗೆ ಕರೆದುಕೊಂಡು ಹೋದೆ, ಈ ಸಲ ಬೇರಾವ ಕೆಲಸವೂ ಇಲ್ಲದೆ, ರೈಲಿನಲ್ಲಿ. ನಿಲ್ದಾಣದ ಹತ್ತಿರವೇ ಸಾಧಾರಣವಾದ ಒಂದು ಕೊಠಡಿ ಹಿಡಿದು, ವಾರದ ನಡುವಿನ ದಿನ ಬೆಳಿಗ್ಗೆ ಆರೂವರೆಗೆ ಹೊರಗೆ ಬಂದೆವು. ಹೂವಿನ ಬುಟ್ಟಿ ಇಳಿಸುತ್ತಿದ್ದ ಹೆಂಗಸೊಬ್ಬರನ್ನು, ಇಲ್ಲಿ ಒಳ್ಳೆಯ ಹೋಟೆಲು ಯಾವುದು ಎಂದು ನಾನು ಕೇಳಿದಾಗ ಅವರು ದೊಡ್ಡ ಹೆಸರೊಂದನ್ನು ಹೇಳಿದರು. ತಂದೆಯವರು ನಡುವೆ ಬಾಯಿ ಹಾಕಿ, ನೀವು ಎಲ್ಲಿ ತಿಂತೀರಮ್ಮಾ ಎಂದು ಕೇಳಿದರು. ಆಗ ಆಕೆ ನಕ್ಕು, ನಾವಾ, ಅಗೋ ಆ ಸಂದಿಯೊಳಗೆ ಎಂದು ಕೈ ತೋರಿಸಿದರು. ಆ ಸಂದಿಯಲ್ಲಿ ನಾಲ್ಕೇ ಮೇಜು, ಸೌದೆ ಒಲೆ, ಗೋಡೆಯ ಮೇಲೆ ಬೆಲೆಯ ಪಟ್ಟಿಯೂ ಇರಲಿಲ್ಲ. ನಮ್ಮ ಪಕ್ಕದಲ್ಲಿ ಇಬ್ಬರು ಹಮಾಲರು ಮಾತಿಲ್ಲದೆ ತಿನ್ನುತ್ತಿದ್ದರು. ತಂದೆಯವರು ದೋಸೆಯ ಅಂಚನ್ನು ಮುರಿದು, ಪಲ್ಯ ಬಿಟ್ಟು, ಬರೀ ಚಟ್ನಿಯಲ್ಲಿ ಅದ್ದಿ ಬಾಯಿಗೆ ಹಾಕಿಕೊಂಡು ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಕುಳಿತರು. ಆಮೇಲೆ, ಇನ್ನೊಂದು ಹೇಳು ಎಂದರು. ಒಲೆಯ ಮುಂದಿದ್ದವರು ಹಳೆಯ ಗಿರಣಿಯ ಮಾತು ಕೇಳಿಸಿಕೊಂಡು, ತಮ್ಮ ತಂದೆಯೂ ಅಲ್ಲಿ ಪಾಳಿಯ ಕೆಲಸಕ್ಕೆ ಹೋಗುತ್ತಿದ್ದರು ಎಂದಾಗ ಇಬ್ಬರಿಗೂ ಅರ್ಧ ಗಂಟೆ ಮಾತು ಮುಗಿಯಲಿಲ್ಲ.

ಅಂದಿನಿಂದ ನಾನು ಯಾವ ಊರಿಗೆ ಹೋದರೂ ತಂದೆಯವರ ಪ್ರಶ್ನೆಯನ್ನೇ ಕೇಳುತ್ತೇನೆ: ನೀವು ಎಲ್ಲಿ ತಿನ್ನುತ್ತೀರಿ, ಇವತ್ತು ಏನು ತಿಂದಿರಿ. ಒಳ್ಳೆಯದು ಯಾವುದು ಎಂದರೆ ಜನ ಅತಿಥಿಗೆ ತಕ್ಕ ಹೆಸರು ಹೇಳುತ್ತಾರೆ, ತಾವು ಹೋಗುವ ಜಾಗವನ್ನು ಹೇಳಲು ಸಂಕೋಚಪಡುತ್ತಾರೆ. ಬಳ್ಳಾರಿಯಲ್ಲಿ ಹೀಗೆ ಕೇಳಿದ್ದರಿಂದಲೇ ನಾನು ಇಡ್ಲಿ ಬಿಟ್ಟು ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿಂದೆ. ಅದನ್ನು ಬೆಳಗಿನ ತಿಂಡಿ ಎಂದು ನಾನಾಗಿ ಎಂದೂ ಊಹಿಸುತ್ತಿರಲಿಲ್ಲ.

ಶಿರಸಿಗೆ ಮಾತ್ರ ನಾನು ಹೇಳಿದ್ದು ಹೊಂದುವುದಿಲ್ಲ. ಅಲ್ಲಿಯ ಒಳ್ಳೆಯ ತಿಂಡಿ ಹೋಟೆಲಿಗಿಂತ ಹೆಚ್ಚಾಗಿ ಮನೆಗಳಲ್ಲಿದೆ. ಹವ್ಯಕರ ಮನೆಯ ತೆಳ್ಳೇವು, ಅಂದರೆ ಹುದುಗಿಸದ ಹಿಟ್ಟಿನ ಕಾಗದದಷ್ಟು ತೆಳುವಾದ ದೋಸೆ, ಜೇನಿನಂತೆ ಹರಿಯುವ ಜೋನಿ ಬೆಲ್ಲ ಮತ್ತು ತುಪ್ಪದ ಜೊತೆ ಕಾವಲಿಯ ಮೇಲಿಂದ ನೇರವಾಗಿ ತಟ್ಟೆಗೆ ಬೀಳಬೇಕು. ಆದ್ದರಿಂದ ಅಲ್ಲಿ ತೋಟದ ನಡುವಿನ ಹೋಮ್‌ಸ್ಟೇ ಒಂದರಲ್ಲಿ ಉಳಿದು, ತಿಂಡಿಯನ್ನೂ ಅಲ್ಲೇ ಮಾಡಿ. ಹಿಂದಿನ ರಾತ್ರಿಯೇ, ನಮಗಾಗಿ ಬೇರೆ ಏನೂ ಮಾಡಬೇಡಿ, ನೀವು ತಿನ್ನುವುದನ್ನೇ ಕೊಡಿ ಎಂದು ಹೇಳಿಬಿಡಿ. ಹೇಳದಿದ್ದರೆ ಅವರು ಬೆಂಗಳೂರಿನವರೆಂದು ಪೂರಿ ಸಾಗು ಮಾಡಿಬಿಡುತ್ತಾರೆ.

ಉಡುಪಿಯಲ್ಲಿ ಬೆಳಿಗ್ಗೆಯೇ ಕೃಷ್ಣಮಠದ ದರ್ಶನ ಮುಗಿಸಿ ರಥಬೀದಿಯ ಸುತ್ತ ನಡೆಯಿರಿ. ಮಿತ್ರ ಸಮಾಜದಂಥ ಹಳೆಯ ಜಾಗ ಅಲ್ಲೇ ಇದೆ. ಬನ್ಸ್ ಕೇಳಿ: ಕಳಿತ ಬಾಳೆಹಣ್ಣನ್ನು ಮೈದಾಕ್ಕೆ ಕಿವುಚಿ, ರಾತ್ರಿಯಿಡೀ ಇಟ್ಟು, ಬೆಳಿಗ್ಗೆ ಲಟ್ಟಿಸಿ ಕರಿದದ್ದು. ಹೊರಗೆ ಕಂದು, ಒಳಗೆ ಜಾಲರಿ, ಸಣ್ಣ ಸಿಹಿ. ನಿಮ್ಮ ತಂದೆ-ತಾಯಿಗೂ ಸಕ್ಕರೆ ಕಾಯಿಲೆ ಇದ್ದರೆ ಇಬ್ಬರಿಗೂ ಸೇರಿ ಒಂದೇ ಹೇಳಿ. ಕೇದಗೆಯ ಜಾತಿಯ ಎಲೆಯಲ್ಲಿ ಬೇಯಿಸಿದ ಇಡ್ಲಿ, ಅಂದರೆ ಮೂಡೆ, ಸಿಕ್ಕಿದ ದಿನ ಬೇರೇನನ್ನೂ ಹೇಳಬೇಡಿ, ಎಲೆ ಬಿಡಿಸುವಾಗ ಬರುವ ಪರಿಮಳಕ್ಕಾಗಿಯೇ ಅದನ್ನು ತಿನ್ನಬೇಕು.

ನಾಲ್ಕು ದಿನಕ್ಕೆ ನಾಲ್ಕು ಬೆಳಿಗ್ಗೆ, ಅದರಲ್ಲೊಂದು ದಾರಿಯಲ್ಲೇ ಕಳೆಯುತ್ತದೆ. ಉಳಿದ ಮೂರಕ್ಕೆ ಜಾಗಗಳ ಪಟ್ಟಿ ಮಾಡಬೇಡಿ, ಬೆಳಿಗ್ಗೆಗೆ ಒಂದೇ ತಿಂಡಿ ಎಂದು ತೀರ್ಮಾನಿಸಿ. ದಾವಣಗೆರೆಯ ಕೊಠಡಿಯನ್ನು ಈಗಾಗಲೇ ತಿಂಡಿ ಸೇರಿಸಿ ಬುಕ್ ಮಾಡಿದ್ದರೆ ಆ ಹಣ ಹೋಗಲಿ ಬಿಡಿ, ಆದರೆ ತಿಂಡಿ ಸೇರಿದೆ ಎಂಬ ವಿಷಯವನ್ನು ನಿಮ್ಮ ತಂದೆಯವರಿಗೆ ಹೇಳಬೇಡಿ. ಆರೂವರೆಗೆ ಅವರನ್ನು ಎಬ್ಬಿಸಿ, ಬರೀ ಕಾಫಿ ಕುಡಿಸಿ, ಹೊರಡಿ.