ಮಗಳು ಟ್ವೆರ್‌ಗೆ ಹೊರಟಿದ್ದಾಳೆ, ಅಲ್ಲಿನ ಜನ ಹೇಗೆ?

ಪ್ರಶ್ನೆ: ಮಗಳು ಮೆಡಿಕಲ್ ಓದಲು ರಷ್ಯಾದ ಟ್ವೆರ್‌ಗೆ ಹೋಗುತ್ತಿದ್ದಾಳೆ. ನೀವು ಅಲ್ಲಿ ಇದ್ದು ಬಂದವರು. ಅಲ್ಲಿ ಯಾರೂ ನಗುವುದಿಲ್ಲ, ಮಾತಾಡಿಸುವುದೂ ಇಲ್ಲ ಅಂತ ಕೇಳಿ ಭಯವಾಗಿದೆ. (ಓದುಗರೊಬ್ಬರು, ಬೀದರ್)

ಉತ್ತರ: ನಗುವುದಿಲ್ಲ, ನಿಜ. ಗುರುತಿಲ್ಲದವರನ್ನು ನೋಡಿ ಸುಮ್ನೆ ನಗುವ ರೂಢಿ ಅಲ್ಲಿಲ್ಲ. ಅದು ಸಿಟ್ಟಲ್ಲ, ನಿಮ್ಮ ಮಗಳು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬಾರದು. ಅಂಗಡಿಯಲ್ಲಿ ಬಿಲ್ ಹಾಕುವ ಹೆಂಗಸು ಗದರಿದ ಹಾಗೆಯೇ ಮಾತಾಡುತ್ತಾಳೆ, ಆದರೆ ಚಿಲ್ಲರೆ ಗೊತ್ತಾಗದೆ ಕೈ ಚಾಚಿ ನಿಂತರೆ ಬೇಕಾದಷ್ಟೇ ನಾಣ್ಯ ಆರಿಸಿಕೊಂಡು, ಉಳಿದದ್ದನ್ನು ಅಂಗೈಯಲ್ಲೇ ಬಿಟ್ಟು ಮುಷ್ಟಿ ಮುಚ್ಚಿಸಿ ಕಳಿಸುವವಳೂ ಅವಳೇ.

ಮನೆಗೆ ಕರೆದರು ಅಂದರೆ ಕಥೆಯೇ ಬೇರೆ. ನಮ್ಮ ಹಾಗೆ ಬಾಗಿಲಲ್ಲೇ ಶೂ ಬಿಡಬೇಕು, ಮನೆಯೊಳಗೆ ಹಾಕಿಕೊಳ್ಳಲು ಬೇರೆ ಚಪ್ಪಲಿ ಕೊಡುತ್ತಾರೆ. ಹೊಸ್ತಿಲಿನ ಆಚೆ ಈಚೆ ನಿಂತು ಕೈಕುಲುಕಬಾರದು. ಹೂ ಒಯ್ದರೆ ಮೂರೋ ಐದೋ ಇರಲಿ, ಸಮಸಂಖ್ಯೆಯ ಹೂ ಸಾವಿಗೆ. ಆಮೇಲೆ ಚಹಾ, ಜಾಮ್, ಇನ್ನಷ್ಟು ಚಹಾ. ಅಷ್ಟು ಬೇಗ ಬಿಡುವುದಿಲ್ಲ.

ಹಳೆಯ ಐದಂತಸ್ತಿನ ಕಟ್ಟಡಗಳಿಗೆ ಲಿಫ್ಟ್ ಇರುವುದಿಲ್ಲ, ಮೆಟ್ಟಿಲ ಬಳಿ ಕತ್ತಲು. ಅದನ್ನು ನೋಡಿ ಹೆದರಬೇಡಿ. ಬಿಸಿನೀರು ಊರಿನ ಸ್ಥಾವರದಿಂದಲೇ ಪೈಪಿನಲ್ಲಿ ಮನೆಮನೆಗೆ ಬಂದು ಕೋಣೆಗಳನ್ನೂ ಬೆಚ್ಚಗಿಡುತ್ತದೆ, ಹೊರಗೆ ಮೈನಸ್ 20 ಇದ್ದರೂ ಒಳಗೆ ಜನ ಟೀ ಶರ್ಟಿನಲ್ಲಿ ಓಡಾಡುತ್ತಾರೆ. ಬೇಸಿಗೆಯಲ್ಲಿ ಮಾತ್ರ ಪೈಪ್ ರಿಪೇರಿಗೆಂದು ಎರಡು ವಾರದವರೆಗೂ ನಲ್ಲಿಯ ಬಿಸಿನೀರು ನಿಲ್ಲಿಸುತ್ತಾರೆ. ಆಗ ಬಕೆಟ್ ಸ್ನಾನ ಗೊತ್ತಿರುವ ನಮ್ಮ ಮಕ್ಕಳಿಗೆ ಕಷ್ಟವಿಲ್ಲ.

ನೀವು ಬೀದರಿನವರು, ಹಾಗಾಗಿ ಇದನ್ನು ಹೇಳಲೇಬೇಕು. 15ನೇ ಶತಮಾನದಲ್ಲಿ, ಬಹಮನಿ ಸುಲ್ತಾನರ ಕಾಲದಲ್ಲಿ, ನಿಮ್ಮೂರಿಗೆ ಕುದುರೆ ಮಾರಲು ಬಂದ ಅಫನಾಸಿ ನಿಕಿತಿನ್ ಟ್ವೆರ್‌ನ ವ್ಯಾಪಾರಿ. ವೋಲ್ಗಾ ದಡದಲ್ಲಿ 1955ರಿಂದ ಅವನ ಪ್ರತಿಮೆ ನಿಂತಿದೆ. ಮಗಳು ತಾನು ಬೀದರಿನವಳು ಅಂತ ಧೈರ್ಯವಾಗಿ ಹೇಳಿಕೊಳ್ಳಲಿ, ಮಾತು ಶುರುವಾಗಲು ಅದಕ್ಕಿಂತ ಒಳ್ಳೆ ನೆಪ ಸಿಗಲಾರದು.

ಪ್ರಶ್ನೆ: ಸಸ್ಯಾಹಾರಿಗಳು ಅಲ್ಲಿ ಬದುಕಬಹುದಾ? (ಗೃಹಿಣಿ, ಶಿರಸಿ)

ಉತ್ತರ: ಅಡುಗೆ ಬಂದರೆ ಖಂಡಿತ. ಆಲೂಗಡ್ಡೆ, ಎಲೆಕೋಸು, ಬೀಟ್‌ರೂಟ್, ಮಜ್ಜಿಗೆಯಂಥ ಕೆಫೀರ್, ಗ್ರೆಚ್ಕಾ ಅನ್ನುವ ಧಾನ್ಯ, ಎಲ್ಲಾ ಸಿಗುತ್ತದೆ. ಹೊರಗೆ ಸೂಪ್ ತಗೊಳ್ಳುವಾಗ ಜೋಪಾನ, ತರಕಾರಿಯದ್ದು ಅಂದರೂ ಬೇಯಿಸಿದ್ದು ಮಾಂಸದ ನೀರಲ್ಲಿ ಇರಬಹುದು. ಸಾರಿನ ಪುಡಿ, ಇಂಗು ಕಟ್ಟಿಕೊಡಿ.

ಆದರೆ ಅಲ್ಲಿನವರ ಊಟ ಅರ್ಥವಾಗಬೇಕಾದರೆ ದಾಚಾ ನೋಡಬೇಕು. ಊರಾಚೆ ಸಣ್ಣ ತುಂಡು ಜಾಗ, ಸೋವಿಯತ್ ಕಾಲದಲ್ಲಿ ಸಾಮಾನ್ಯವಾಗಿ 600 ಚದರ ಮೀಟರ್ ಹಂಚಿದ್ದು, ಅದರಲ್ಲೊಂದು ಮರದ ಮನೆ. ಮೇ ಬಂತೆಂದರೆ ಸಸಿ ಹಿಡಿದ ಅಜ್ಜಿಯರು ಬಸ್ಸು, ರೈಲು ತುಂಬಿಬಿಡುತ್ತಾರೆ. ಬೆಳೆದ ಸೌತೆಕಾಯಿ, ಟೊಮೇಟೊ ಎಲ್ಲಾ ಉಪ್ಪಿನಕಾಯಾಗಿ ಗಾಜಿನ ಜಾಡಿ ಸೇರುತ್ತದೆ. ಆಗಸ್ಟಿನಿಂದ ಕಾಡಿಗೆ ಹೋಗಿ ಅಣಬೆ ಆರಿಸುತ್ತಾರೆ. ಇದನ್ನು ಬರೀ ಹವ್ಯಾಸ ಅನ್ನುವವರು ಮಾರುಕಟ್ಟೆ ಹೊರಗೆ ನಾಲ್ಕು ಕಟ್ಟು ಸೊಪ್ಪು, ಒಂದು ಬಕೆಟ್ ಹಣ್ಣು ಇಟ್ಟುಕೊಂಡು ಚಳಿಯಲ್ಲಿ ಕೂತ ಮುದುಕಿಯರನ್ನು ನೋಡಿಲ್ಲ. ಪಿಂಚಣಿ ಸಾಲದು ಅಂತಲೇ ಅವರು ಕೂತಿರುವುದು. ದಯವಿಟ್ಟು ಅವರ ಹತ್ತಿರ ಚೌಕಾಸಿ ಮಾಡಬೇಡಿ.

ಪ್ರಶ್ನೆ: ಉಕ್ರೇನ್ ಯುದ್ಧದ ಬಿಸಿ ಅಲ್ಲಿನ ಸಣ್ಣ ಊರುಗಳಿಗೂ ತಟ್ಟಿದೆಯಾ? (ಓದುಗರು, ಹಾಸನ)

ಉತ್ತರ: ತಟ್ಟಿದೆ. ಸೈನ್ಯಕ್ಕೆ ಸೇರಿ, ಇಷ್ಟು ಹಣ ಕೊಡುತ್ತೇವೆ ಅನ್ನುವ ಪೋಸ್ಟರ್‌ಗಳು ಬೀದಿಯಲ್ಲೇ ಕಾಣುತ್ತವೆ. ಟ್ವೆರ್ ಪ್ರಾಂತ್ಯದ ತೊರೊಪೆತ್ಸ್‌ನಲ್ಲಿ 2024ರ ಸೆಪ್ಟೆಂಬರ್‌ನಲ್ಲಿ ಡ್ರೋನ್ ದಾಳಿಗೆ ಮದ್ದುಗುಂಡಿನ ಗೋದಾಮೇ ಸಿಡಿಯಿತು. ನಮ್ಮ ಬ್ಯಾಂಕಿನ ವೀಸಾ, ಮಾಸ್ಟರ್‌ಕಾರ್ಡ್‌ಗಳು 2022ರಿಂದ ಅಲ್ಲಿ ನಡೆಯುವುದಿಲ್ಲ, ನಗದು ಬೇಕೇ ಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ಇದು. ಕೆಲಸ ಕೊಡಿಸುತ್ತೇವೆ ಅಂದವರನ್ನು ನಂಬಿ ಹೋದ ಕಲಬುರಗಿಯ ಹುಡುಗರು ಯುದ್ಧಭೂಮಿಯಲ್ಲಿ ಸಿಕ್ಕಿಹಾಕಿಕೊಂಡು, 2024ರಲ್ಲಿ ಅವರ ಮನೆಯವರು ಪಟ್ಟ ಪಾಡು ನಮಗೆಲ್ಲಾ ಗೊತ್ತು. ಓದಲು ಹೋದವರಿಗೂ ಪಾರ್ಟ್ ಟೈಮ್ ಕೆಲಸದ ಆಸೆ ತೋರಿಸುವವರು ಇರುತ್ತಾರೆ. ರಷ್ಯನ್ ಭಾಷೆಯ ಯಾವ ಕಾಗದಕ್ಕೂ ಪೂರ್ತಿ ಓದಿ ಅರ್ಥವಾಗದೆ ಸಹಿ ಹಾಕಬೇಡಿ. ಹೊರಡುವ ಮೊದಲು ಆರು ತಿಂಗಳಾದರೂ ರಷ್ಯನ್ ಕಲಿಯಿರಿ. ಮುಂದೆ ಆಸ್ಪತ್ರೆಯಲ್ಲಿ ರೋಗಿಗಳ ಜೊತೆ ಮಾತಾಡಲಿಕ್ಕೂ ಅದೇ ಬೇಕು.