ಬೂದಿ ಉಳಿಸದ ಕಾಗದ

ಪ್ರಶ್ನೆ: ನಮ್ಮ ಬಡಾವಣೆಯ ಮಕ್ಕಳ ಕಾರ್ಯಕ್ರಮದಲ್ಲಿ ಜಾದೂಗಾರರೊಬ್ಬರು ಅಂಗೈಯಗಲದ ತೆಳು ಕಾಗದವನ್ನು ಮೇಣದಬತ್ತಿಗೆ ತಾಗಿಸಿ ಮೇಲಕ್ಕೆ ಎಸೆದರು. ಅದು ಭಗ್ಗನೆ ಉರಿದು ಮಾಯವಾಯಿತು. ನೆಲದ ಮೇಲೆ ಚಿಟಿಕೆ ಬೂದಿಯೂ ಇರಲಿಲ್ಲ. ಅದು ‘ಫ್ಲ್ಯಾಶ್ ಪೇಪರ್’ ಎಂದು ತಿಳಿಯಿತು. ಅದರ ಬೂದಿ ಏನಾಗುತ್ತದೆ? ದ್ವಿತೀಯ ಪಿಯುಸಿ ಓದುತ್ತಿರುವ ಮಗ ಅದನ್ನು ಮನೆಯಲ್ಲಿ ತಯಾರಿಸುತ್ತೇನೆ ಎನ್ನುತ್ತಿದ್ದಾನೆ. ಬಿಡಬಹುದೇ?
– ಓದುಗರೊಬ್ಬರು, ಬಸವನಗುಡಿ, ಬೆಂಗಳೂರು

ಉತ್ತರ: ಮಗನಿಗೆ ದಯವಿಟ್ಟು ಅವಕಾಶ ಕೊಡಬೇಡಿ. ಏಕೆಂಬುದು ಆ ಕಾಗದದ ರಸಾಯನಶಾಸ್ತ್ರದಲ್ಲೇ ಇದೆ.

ಕಾಗದದ ಮೂಲದ್ರವ್ಯ ಸೆಲ್ಯುಲೋಸ್. ಗ್ಲೂಕೋಸ್ ಘಟಕಗಳು ಸರಪಳಿಯಂತೆ ಕೂಡಿಕೊಂಡ ಈ ವಸ್ತುವಿನ ಪ್ರತಿ ಘಟಕದಲ್ಲೂ ಮೂರು ಹೈಡ್ರಾಕ್ಸಿಲ್ (ಆಮ್ಲಜನಕ–ಜಲಜನಕ ಜೋಡಿಯ) ಗುಂಪುಗಳಿರುತ್ತವೆ. ಸಾಮಾನ್ಯ ಕಾಗದ ಉರಿಯಲು ಬೇಕಾದ ಆಮ್ಲಜನಕ ಹೊರಗಿನ ಗಾಳಿಯಿಂದಲೇ ಬರಬೇಕು. ಅದು ಸಾಕಷ್ಟು ಒದಗದ ಕಡೆ ಇಂಗಾಲ ಕರಿಯಾಗಿ ಉಳಿಯುತ್ತದೆ, ಕಾಗದಕ್ಕೆ ನುಣುಪು ಬರಲೆಂದು ಸೇರಿಸಿದ ಜೇಡಿಯೋ ಸುಣ್ಣಕಲ್ಲಿನ ಪುಡಿಯೋ ಬೂದಿಯಾಗಿ ಉಳಿಯುತ್ತದೆ. ಫ್ಲ್ಯಾಶ್ ಪೇಪರಿನಲ್ಲಾದರೋ ನೈಟ್ರಿಕ್ ಮತ್ತು ಗಂಧಕಾಮ್ಲಗಳ ಸಂಸ್ಕಾರದಿಂದ ಆ ಹೈಡ್ರಾಕ್ಸಿಲ್ ಗುಂಪುಗಳಲ್ಲಿ ಹೆಚ್ಚಿನವು ಆಮ್ಲಜನಕ ಹೆಚ್ಚಿರುವ ನೈಟ್ರೇಟ್ ಗುಂಪುಗಳಾಗಿ ಮಾರ್ಪಟ್ಟಿರುತ್ತವೆ. ಹೀಗಾದ ನೈಟ್ರೋಸೆಲ್ಯುಲೋಸ್ ಉರಿಯಲು ಬೇಕಾದ ಆಮ್ಲಜನಕದ ಬಹುಪಾಲನ್ನು ತನ್ನ ಅಣುವಿನೊಳಗೇ ಹೊತ್ತಿರುವುದರಿಂದ, ಬೆಂಕಿ ಗಾಳಿಗಾಗಿ ಕಾಯದೆ ಕ್ಷಣಾರ್ಧದಲ್ಲಿ ಹಬ್ಬಿ ಇಡೀ ಹಾಳೆಯನ್ನು ಇಂಗಾಲದ ಆಕ್ಸೈಡುಗಳು, ನೀರಾವಿ ಮತ್ತು ಸಾರಜನಕವನ್ನಾಗಿ ಒಡೆಯುತ್ತದೆ. ಎಲ್ಲವೂ ಅನಿಲಗಳೇ ಆದ್ದರಿಂದ ಕಣ್ಣಿಗೆ ಕಾಣುವಷ್ಟು ಬೂದಿ ಆಗುವುದೇ ಇಲ್ಲ.

ಆರತಿಯ ಕರ್ಪೂರವೂ ಬೂದಿ ಉಳಿಸುವುದಿಲ್ಲವಲ್ಲ ಎಂದು ಕೇಳಬಹುದು. ಅದು ಆವಿಯಾಗಿ, ಗಾಳಿಯ ಆಮ್ಲಜನಕವನ್ನೇ ನಂಬಿ ಉರಿಯುತ್ತದೆ. ಆಮ್ಲಜನಕ ಸಾಲದೆ ಹೋಗುವುದರಿಂದಲೇ ಆರತಿ ತಟ್ಟೆಗೆ ಮಸಿ ಹಿಡಿಯುತ್ತದೆ. ಇದೇ ಕರ್ಪೂರವನ್ನು ನೈಟ್ರೋಸೆಲ್ಯುಲೋಸ್ ಜೊತೆ ಬೆರೆಸಿ ಅಮೆರಿಕದ ಹಯಾಟ್ ಸೋದರರು 1870ರ ಸುಮಾರಿಗೆ ಸೆಲ್ಯುಲಾಯ್ಡ್ ಎಂಬ ಪ್ಲಾಸ್ಟಿಕ್ ರೂಪಿಸಿದರು. ಅದರಿಂದಲೇ ಮಾಡಿದ ಹಳೆಯ ಸಿನಿಮಾ ರೀಲುಗಳು ಅಷ್ಟು ಸುಲಭವಾಗಿ ಹೊತ್ತಿಕೊಳ್ಳುತ್ತಿದ್ದುದು ಇದೇ ಕಾರಣಕ್ಕೆ.

ಇನ್ನು ಅಪಾಯದ ಮಾತು. ಸ್ವಿಟ್ಜರ್ಲೆಂಡಿನ ಬಾಸೆಲ್‌ನ ರಸಾಯನವಿಜ್ಞಾನಿ ಶೋನ್‌ಬೈನ್ 1846ರಲ್ಲಿ ಹತ್ತಿಯಿಂದ ನೈಟ್ರೋಸೆಲ್ಯುಲೋಸನ್ನು ತಯಾರಿಸಿ ಪ್ರಕಟಿಸಿದ ಮರುವರ್ಷವೇ ಇಂಗ್ಲೆಂಡಿನ ಫೇವರ್‌ಶ್ಯಾಮ್‌ನಲ್ಲಿ ಅದನ್ನು ತಯಾರಿಸುತ್ತಿದ್ದ ಕಾರ್ಖಾನೆ ಸ್ಫೋಟಗೊಂಡು ಹಲವರು ಸತ್ತರು. ಎಳೆಗಳ ಒಳಗೆ ಅಡಗಿ ಉಳಿದ ಆಮ್ಲ ವಸ್ತುವನ್ನು ಮೆಲ್ಲಗೆ ಕೊಳೆಯಿಸುತ್ತದೆ. ಆ ಕೊಳೆತದಿಂದ ಹುಟ್ಟಿದ ಅನಿಲಗಳು ಅದನ್ನು ಮತ್ತಷ್ಟು ಚುರುಕಾಗಿಸುತ್ತವೆ. ಹೀಗೆ ಕಾವು ಹೆಚ್ಚಿ ಅದು ಒಂದು ದಿನ ಯಾರೂ ಕಿಡಿ ತಾಗಿಸದೆಯೇ ಹೊತ್ತಿಕೊಳ್ಳಬಹುದು. ಎಳೆಗಳನ್ನು ನುಣ್ಣಗೆ ಅರೆದು ಬಹಳ ಹೊತ್ತು ತೊಳೆಯಬೇಕೆಂದು ಬ್ರಿಟನ್ನಿನ ರಸಾಯನವಿಜ್ಞಾನಿ ಫ್ರೆಡರಿಕ್ ಏಬಲ್ 1865ರಲ್ಲಿ ತೋರಿಸುವವರೆಗೆ ಕಾರ್ಖಾನೆಗಳಿಗೇ ಇದು ಹಿಡಿತಕ್ಕೆ ಬಂದಿರಲಿಲ್ಲ. ಅಂಥದ್ದನ್ನು ಅಡುಗೆಮನೆಯ ಕಟ್ಟೆಯ ಮೇಲೆ ಮಾಡಹೊರಟರೆ ಆಮ್ಲದ ಸುಟ್ಟಗಾಯ ಒಂದು ಕಡೆ, ಪುಸ್ತಕದ ಕಪಾಟಿನಲ್ಲಿ ಮರೆತ ಹಾಳೆ ಇನ್ನೊಂದು ಕಡೆ. ವೃತ್ತಿಪರ ಜಾದೂಗಾರರಿಗೂ ಇದು ಸಾಮಾನ್ಯವಾಗಿ ಒದ್ದೆಯಾಗಿಯೇ ಬರುತ್ತದೆ. ಪ್ರದರ್ಶನಕ್ಕೆ ಬೇಕಾದಷ್ಟನ್ನು ಮಾತ್ರ ಒಣಗಿಸಿಕೊಳ್ಳುತ್ತಾರೆ.

ಮಗನ ಕುತೂಹಲ ಮಾತ್ರ ಬಾಡಬಾರದು. ಖನಿಜಾಂಶವನ್ನು ಬಹುತೇಕ ತೆಗೆದುಹಾಕಿದ, ಪ್ರಯೋಗಾಲಯಗಳಲ್ಲಿ ಸೋಸಲು ಬಳಸುವ ಬೂದಿರಹಿತ ಫಿಲ್ಟರ್ ಪೇಪರ್ ಎಂಬುದೊಂದಿದೆ. ಅದನ್ನೂ ಅಷ್ಟೇ ತೂಕದ ನೋಟ್‌ಬುಕ್ ಹಾಳೆಯನ್ನೂ ಕಾಲೇಜಿನ ಪ್ರಯೋಗಾಲಯದಲ್ಲಿ ಉಪನ್ಯಾಸಕರ ಎದುರು ಬೇರೆಬೇರೆ ಮೂಸೆಗಳಲ್ಲಿ ಕರಿ ಹೋಗುವವರೆಗೆ ಸುಟ್ಟು ತೂಗಿ ನೋಡಲಿ. ನೋಟ್‌ಬುಕ್ ಹಾಳೆಯ ಮೂಸೆಯಲ್ಲಿ ಬಿಳಿ ಪುಡಿ ಉಳಿದು, ಇನ್ನೊಂದು ಬಹುತೇಕ ಬರಿದಾಗಿರುವುದನ್ನು ಅವನೇ ಕಾಣುತ್ತಾನೆ.