ಅಡಿಸನ್ ಕಾಯಿಲೆ ಇರುವ ಅಮ್ಮ, ಮಂಗನ ಕಾಯಿಲೆಯ ಭಯ

ನಮಸ್ಕಾರ. ತೀರ್ಥಹಳ್ಳಿ ಹತ್ತಿರದ ನಿಮ್ಮ ಅಮ್ಮನಿಗೆ ಅಡಿಸನ್ ಕಾಯಿಲೆ (ಅಡ್ರಿನಲ್ ಗ್ರಂಥಿಗೆ ಮೈಗೆ ಬೇಕಾದಷ್ಟು ಕಾರ್ಟಿಸಾಲ್ ಹಾರ್ಮೋನ್ ಮಾಡಲು ಆಗುವುದಿಲ್ಲ), ಅದಕ್ಕೆ ದಿನಾ ಹೈಡ್ರೋಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಮಾತ್ರೆ. ಮಂಗನ ಕಾಯಿಲೆ ಬಂದರೆ ಅಪಾಯ ಜಾಸ್ತಿಯಾ ಎಂದು ಕೇಳಿದ್ದೀರಿ.

ಈ ಕಾಯಿಲೆ ಹರಡುವ ಉಣುಗು ಯಾರನ್ನಾದರೂ ಕಚ್ಚುತ್ತದೆ. ಅಮ್ಮನಿಗೆ ನಿಜವಾದ ಅಪಾಯ ಜ್ವರ ಬಂದ ಮೇಲೆ. ನಮಗೆ ಜ್ವರ ಬಂದರೆ ಮೈ ತಾನಾಗಿಯೇ ಕಾರ್ಟಿಸಾಲ್ ಹೆಚ್ಚಿಸಿಕೊಳ್ಳುತ್ತದೆ. ಅವರಿಗೆ ಅದು ಆಗುವುದಿಲ್ಲ. ಬಿಪಿ ಕುಸಿದು ಜೀವಕ್ಕೇ ಕುತ್ತು ಬರಬಹುದು. ಅದಕ್ಕೇ ಜ್ವರದ ದಿನಗಳಲ್ಲಿ ಮಾತ್ರೆಯನ್ನು ಎರಡು ಮೂರು ಪಟ್ಟು ಮಾಡಿಸುತ್ತಾರೆ. ಎಷ್ಟು ಎಂದು ಡಾಕ್ಟರ ಹತ್ತಿರ ಈಗಲೇ ಬರೆಸಿಡಿ. ಮಾತ್ರೆ ಮಾತ್ರ ಒಂದು ಹೊತ್ತೂ ನಿಲ್ಲಿಸಬೇಡಿ.

ವಾಂತಿ ಶುರುವಾದರೆ ಮಾತ್ರೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಆಗ 100 ಮಿ.ಗ್ರಾಂ ಹೈಡ್ರೋಕಾರ್ಟಿಸೋನ್ ಇಂಜೆಕ್ಷನ್ ಬೇಕು, ಬೆಳಗಾಗಲಿ ಎಂದು ಕಾಯಬಾರದು. ಮಂಗನ ಕಾಯಿಲೆಯಲ್ಲೂ ವಾಂತಿ ಬರುತ್ತದೆ, ನೆನಪಿರಲಿ. ನಮ್ಮ ಚಿಕ್ಕಮ್ಮನಿಗೂ ಅಡಿಸನ್ ಕಾಯಿಲೆ. ಮಾತ್ರೆ ಡಬ್ಬಿಯ ಮುಚ್ಚಳಕ್ಕೆ ‘ಸ್ಟೀರಾಯ್ಡ್ ಮೇಲಿದ್ದಾರೆ, ಮೊದಲು ಇಂಜೆಕ್ಷನ್ ಕೊಡಿ’ ಎಂಬ ಚೀಟಿ ಅಂಟಿಸಿದ್ದೇವೆ. ಘಾಟಿ ದಾರಿಯಲ್ಲಿ ರಾತ್ರಿ ಆಸ್ಪತ್ರೆಗೆ ಓಡುವಾಗ ಗಾಬರಿಯಲ್ಲಿ ಎಲ್ಲ ಹೇಳಲು ಆಗುವುದಿಲ್ಲ, ಅಲ್ವಾ?

ಡಿಸೆಂಬರಿನಿಂದ ಮೇವರೆಗೆ ದರಗು (ಒಣಗಿದ ಎಲೆ) ತರಲು ಅಮ್ಮನನ್ನು ಕಾಡಿಗೆ ಕಳಿಸಬೇಡಿ, ದಯವಿಟ್ಟು. ಹೋಗುವ ಮನೆಯವರು ಉಣುಗು ಹತ್ತಿರ ಬರದಂತೆ ಡೇಪಾ ಎಣ್ಣೆ ಹಚ್ಚಿಕೊಳ್ಳಲಿ, ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ ಹಾಕಲಿ. ಜ್ವರ ಇಳಿಸಲು ಪ್ಯಾರಾಸಿಟಮಾಲ್ ಸಾಕು. ಮಂಗನ ಕಾಯಿಲೆಯಲ್ಲಿ ರಕ್ತಸ್ರಾವದ ಭಯವಿರುವುದರಿಂದ ಐಬುಪ್ರೊಫೇನ್, ಆಸ್ಪಿರಿನ್ ನೀವಾಗಿ ಕೊಡಬೇಡಿ.

ನಿಮ್ಮ ಥೈರಾಯ್ಡ್ ಬಗ್ಗೆಯೂ ಕೇಳಿದ್ದೀರಿ. ಥೈರಾಯ್ಡ್ ಮಾತ್ರೆ ತಪ್ಪದೆ ತಗೊಂಡು ಟಿಎಸ್‌ಎಚ್ (ಥೈರಾಯ್ಡ್‌ನ ರಕ್ತಪರೀಕ್ಷೆ) ಸರಿ ಇದ್ದರೆ, ಅಮ್ಮನಿಗಿರುವಂಥ ಈ ಭಯ ನಿಮಗೆ ಬೇಡ.